ಚಿಗರಿಯ ದಾರಿ

ಆಸ್ಪತ್ರೆಗೋ ಕಾಲೇಜಿಗೋ ನಮ್ಮ ನರೇಗಲ್ಲಿನಿಂದ ಹುಬ್ಬಳ್ಳಿ-ಧಾರವಾಡಕ್ಕೆ ಹೋಗಿಬರುವ ವಾಚಕರು ಅಲ್ಲಿಯ ‘ಚಿಗರಿ’ ಬಸ್ಸನ್ನು ಕಂಡೇ ಇರುವರು. 2018ರ ಅಕ್ಟೋಬರದಲ್ಲಿ ಪರೀಕ್ಷಾರ್ಥವಾಗಿ ಹೊರಟ ಈ ಬಸ್ಸುಗಳಿಗೆ 2020ರ ಫೆಬ್ರುವರಿ 2ರಂದು ವಿಧಿವತ್ತಾಗಿ ಉದ್ಘಾಟನೆಯಾಯಿತು. ಎರಡೂ ಊರುಗಳ ನಡುವೆ ಸುಮಾರು 22 ಕಿಲೋಮೀಟರಿನ ಈ ಮಾರ್ಗದಲ್ಲಿ ರಸ್ತೆಯ ನಟ್ಟನಡುವೆ ಬಸ್ಸಿಗೆಂದೇ ಹಾದಿಯನ್ನು ಬಿಟ್ಟಿರುವರು. ಟಿಕೇಟನ್ನು ನಿಲ್ದಾಣದಲ್ಲಿಯೇ ಪಡೆದು, ಎತ್ತರದ ಕಟ್ಟೆಯಿಂದ ನೇರವಾಗಿ ಬಸ್ಸಿನೊಳಗೆ ಕಾಲಿಡಬಹುದು. ಇದರಿಂದ ಮುದುಕರಿಗೂ ಬಸುರಿಯರಿಗೂ ಎಷ್ಟೋ ಅನುಕೂಲ.

ಬಸ್ಸಿಗಾಗಿ ಇಷ್ಟೊಂದು ಹಣವೂ ಇಷ್ಟು ಅಗಲದ ರಸ್ತೆಯೂ ಏತಕ್ಕೆಂದು ಸ್ವಂತ ವಾಹನವುಳ್ಳವರು ಕೇಳುವದುಂಟು. ರಸ್ತೆಯು ಸರ್ವರ ಸ್ವತ್ತು. ಒಂದು ಕಾರಿನಲ್ಲಿ ನಾಲ್ವರು ಕುಳಿತರೆ, ಒಂದು ಬಸ್ಸಿನಲ್ಲಿ ಹತ್ತು ಕಾರುಗಳ ಜನ ಹಿಡಿಸುವರು. ಕಾರಣ ಬಸ್ಸಿಗೆ ಹಾದಿ ಬಿಡುವದು ನ್ಯಾಯವೇ ಸರಿ.

ಆದರೆ ನಿಜವಾದ ಪ್ರಶ್ನೆ ಬೇರೆ. ಎಮ್ಮೆ ಕೊಳ್ಳುವದು ಒಮ್ಮೆ, ಮೇವು ಹಾಕುವದು ದಿನಾಲು. ಚಿಗರಿಯ ಹಾದಿ ಕಟ್ಟಲು ಜಾಗತಿಕ ಬ್ಯಾಂಕಿನ ನೆರವು ದೊರೆಯಿತು. ನಿತ್ಯದ ದುರಸ್ತಿಯ ಭಾರವು ನಮ್ಮದೇ. ದಿಲ್ಲಿಯಲ್ಲಿ 2008ರಲ್ಲಿ ತೆರೆದ ಇಂಥ ಹಾದಿಯನ್ನು 2016ರಲ್ಲಿ ಕೀಳತೊಡಗಿದರು. 2009ರಲ್ಲಿ ಆರಂಭವಾದ ಅಹಮದಾಬಾದಿನ ವ್ಯವಸ್ಥೆಯಾದರೋ ಉಳಿದುಕೊಂಡಿತು. ಕಟ್ಟಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಕಾರಣ, ಮಹಾನಗರಪಾಲಿಕೆಯಲ್ಲಾಗಲಿ ನಮ್ಮ ಪಟ್ಟಣ ಪಂಚಾಯತಿಯಲ್ಲಾಗಲಿ ಹೊಸ ಕಾಮಗಾರಿಗೆ ಹಣ ಮಂಜೂರಾಗುವಾಗ, ‘ಕಟ್ಟಲು ಎಷ್ಟು?’ ಎಂಬುದರೊಡನೆ ‘ವರುಷ ವರುಷವೂ ನಡೆಯಿಸಲು ಎಷ್ಟು, ಕೊಡುವವರು ಯಾರು?’ ಎಂದೂ ಕೇಳಬೇಕು. ಮನೆಯ ಲೆಕ್ಕ ಬರೆಯುವ ಗೃಹಿಣಿಗೆ ತಿಳಿದ ಈ ಮಾತು ಸಭೆಯಲ್ಲಿ ಕೂಡುವವರಿಗೂ ತಿಳಿಯಲಿ.