ಟಿಸಿ ಕೊಟ್ಟರೆ ಗಲಾಟೆ ನಿಲ್ಲಲ್ಲ, ಬಸ್‌ಸ್ಟ್ಯಾಂಡಿಗೆ ಬರುತ್ತೆ

ಒಂಬತ್ತನೇ ತರಗತಿ ಹುಡುಗ. ಹೋಂವರ್ಕ್ ಯಾಕೆ ಮಾಡಿಲ್ಲ ಅಂತ ಮೇಷ್ಟ್ರು ಎಲ್ಲರೆದುರು ಕೇಳ್ತಾರೆ. ಉತ್ತರ ಇಲ್ಲ. ಮತ್ತೆ ಕೇಳ್ತಾರೆ. ಹಿಂದಿನ ಬೆಂಚಲ್ಲಿ ಯಾರೋ ನಗ್ತಾರೆ. ಹುಡುಗ ಪುಸ್ತಕ ಎಸೀತಾನೆ. ‘ಹೊರಗೆ ಹೋಗು’ ಅಂದ್ರೆ ಬೆಂಚ್ ಒದ್ದು ಮೇಷ್ಟ್ರ ಮೇಲೇ ಏರಿ ಹೋಗ್ತಾನೆ. ಸಂಜೆ ತಂದೆಗೆ ಫೋನ್, ವಾರದೊಳಗೆ ಟಿಸಿ ಮಾತು. ಊರು, ಶಾಲೆ ಬೇರೆಯಾದರೂ ಕೇಳಿಬರುವ ಕತೆ ಹೆಚ್ಚುಕಡಿಮೆ ಇದೇ.

ಇದರಲ್ಲಿ ಎಲ್ಲರ ನೆನಪಲ್ಲಿ ಉಳಿಯೋದು ಬೆಂಚ್ ಒದ್ದದ್ದು ಮಾತ್ರ. ಅದಕ್ಕೂ ಮೊದಲಿನ ಹತ್ತು ನಿಮಿಷವನ್ನು ಯಾರೂ ಲೆಕ್ಕಕ್ಕೆ ಹಿಡಿಯಲ್ಲ. ಆದರೆ ಏನಾದರೂ ಮಾಡಲು ಸಾಧ್ಯವಿದ್ದದ್ದು ಆಗಲೇ.

ಸಿಟ್ಟು ಮೆಟ್ಟಿಲು ಹತ್ತಿಯೇ ಬರುತ್ತೆ

ಅಮೆರಿಕದ ಶಿಕ್ಷಣ ತಜ್ಞ ಜೆಫ್ ಕಾಲ್ವಿನ್ ಇಂಥ ವರ್ತನೆಯನ್ನು ಏಳು ಹಂತಗಳಾಗಿ ವಿಂಗಡಿಸಿದ್ದಾರೆ. ಶಾಂತವಾಗಿರುವುದು, ಏನೋ ಕೆಣಕುವುದು, ಚಡಪಡಿಕೆ, ಏರಿಕೆ, ಸ್ಫೋಟ, ಇಳಿಕೆ, ಕೊನೆಗೆ ಚೇತರಿಕೆ. ಒಂದೊಂದು ಹಂತದಲ್ಲೂ ದೊಡ್ಡವರು ಮಾಡಬೇಕಾದ್ದು ಬೇರೆ.

ಚಡಪಡಿಕೆ ಶುರುವಾದಾಗ ‘ಹೋಗಿ ನೀರು ಕುಡಿದು ಬಾ’ ಅಂದರೂ ಎಷ್ಟೋ ಸಲ ಸಾಕಾಗುತ್ತೆ. ಏರಿಕೆಯ ಹಂತದಲ್ಲಿ ಹುಡುಗ ಕೆದಕಿ ಕೆದಕಿ ಮಾತಿಗೆ ಎಳೀತಾನೆ. ಅಲ್ಲಿ ವಾದಕ್ಕಿಳಿದರೆ ಬೆಂಕಿಗೆ ತುಪ್ಪ. ಮಾತು ಕಡಿಮೆ ಮಾಡಿ, ಯೋಚಿಸಲು ಎರಡು ನಿಮಿಷ ಬಿಡಬೇಕು. ಸ್ಫೋಟವಾದಾಗ ಬುದ್ಧಿಮಾತು ಕಿವಿಗೇ ಹೋಗಲ್ಲ. ಉಳಿದ ಮಕ್ಕಳನ್ನು ಹೊರಗೆ ಕಳಿಸಿ, ಯಾರಿಗೂ ಏಟಾಗದಂತೆ ನೋಡಿಕೊಳ್ಳೋದೇ ಆಗಿನ ಕೆಲಸ. ‘ಕ್ಷಮೆ ಕೇಳು’ ಎಂಬ ಒತ್ತಾಯ ಆಗ ಬೇಡ. ಪೂರ್ತಿ ತಣ್ಣಗಾದ ಮೇಲೆ ಕೂರಿಸಿಕೊಂಡು ಏನಾಯ್ತು, ಮುಂದಿನ ಸಲ ಏನು ಮಾಡ್ತೀಯ ಅಂತ ಕೇಳಬೇಕು.

ಹಾಗಂತ ತಪ್ಪನ್ನು ಮುಚ್ಚಿಹಾಕಬೇಕು ಅಂತಲ್ಲ. ಮುರಿದ ಬೆಂಚನ್ನು ರಿಪೇರಿ ಮಾಡಲು ಹುಡುಗನೂ ಕೈಹಚ್ಚಲಿ. ಮೇಷ್ಟ್ರ ಸುರಕ್ಷತೆ, ಉಳಿದ ಮಕ್ಕಳ ಪಾಠ ಕೂಡ ಅಷ್ಟೇ ಮುಖ್ಯ. ತರಗತಿ ತುಂಬ ಮಕ್ಕಳು, ಆಪ್ತಸಮಾಲೋಚಕರಿಲ್ಲದ ಶಾಲೆ ಅಂದಾಗ ಒಬ್ಬ ಶಿಕ್ಷಕರ ಮೇಲೆ ಎಲ್ಲವನ್ನೂ ಹೊರಿಸೋದೂ ನ್ಯಾಯವಲ್ಲ.

ಕಾನೂನು ಎಲ್ಲಿವರೆಗೆ?

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ. 16ನೇ ಸೆಕ್ಷನ್ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಒಂಬತ್ತು, ಹತ್ತನೇ ತರಗತಿಗೆ ಈ ಕಾಯ್ದೆಯ ರಕ್ಷಣೆ ಇಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶದ ಒತ್ತಡ ಇರೋದೂ ಅಲ್ಲೇ. ಹಾಗಾಗಿ ‘ಗಲಾಟೆ ಹುಡುಗ’ನನ್ನು ಸಾಗಹಾಕೋದು ಸುಲಭದ ದಾರಿಯಾಗಿ ಕಾಣುತ್ತೆ.

ಆದರೆ ಟಿಸಿ ತಗೊಂಡ ಹುಡುಗ ಮಾಯವಾಗಲ್ಲ. ಬೆಳಿಗ್ಗೆ ಹತ್ತಕ್ಕೆ ಬಸ್‌ಸ್ಟ್ಯಾಂಡಲ್ಲೋ ಅಂಗಡಿ ಕಟ್ಟೆ ಮೇಲೋ ಇರ್ತಾನೆ.

ಅಂಗಡಿಯವರಿಗೂ ಕೆಲಸವಿದೆ

ಶಾಲೆಯಿಂದ 100 ಮೀಟರ್‌ನೊಳಗೆ ಬೀಡಿ, ಸಿಗರೇಟು, ಗುಟ್ಕಾ ಮಾರುವಂತಿಲ್ಲ, 21 ವರ್ಷದೊಳಗಿನವರಿಗೆ ಎಲ್ಲಿಯೂ ಮಾರುವಂತಿಲ್ಲ. ಇದು ಕರ್ನಾಟಕದಲ್ಲಿ ತಿದ್ದುಪಡಿಯಾದ 2003ರ ತಂಬಾಕು ನಿಯಂತ್ರಣ ಕಾಯ್ದೆ. ಮಗುವಿಗೆ ಮದ್ಯ, ತಂಬಾಕು ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆಯಡಿ 7 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಕ್ಲಾಸ್ ಟೈಮಲ್ಲಿ ಯೂನಿಫಾರ್ಮ್ ಹಾಕಿದ ಮಕ್ಕಳು ಕಟ್ಟೆ ಮೇಲೆ ಕೂತಿದ್ದರೆ ಹೆಡ್‌ಮಾಸ್ಟರಿಗೆ ಒಂದು ಫೋನ್ ಮಾಡಿದರೆ ಸಾಕು. ಮಕ್ಕಳ ಜಗಳದ ವಿಡಿಯೊ ಮಾಡಿ ಊರಿನ ವಾಟ್ಸ್‌ಆಪ್ ಗುಂಪಿಗೆ ಹಾಕಿದರೆ ಮಾತ್ರ ಆ ಹುಡುಗ ಮತ್ತೆ ಶಾಲೆಗೆ ಮುಖ ತೋರಿಸೋದೇ ಕಷ್ಟವಾಗುತ್ತೆ.

ಸಹಾಯ ಎಲ್ಲಿ ಸಿಗುತ್ತೆ?

ಮೊದಲು ಶಾಲೆಯಲ್ಲೇ ಒಂದು ನೋಟ್‌ಬುಕ್ ಇಡಬೇಕು. ಗಲಾಟೆ ಯಾವ ದಿನ, ಯಾವ ಪೀರಿಯಡ್, ಅದಕ್ಕೂ ಮುಂಚೆ ಏನಾಯ್ತು ಅಂತ ಬರೆದಿಟ್ಟರೆ ತಿಂಗಳೊಳಗೆ ಕಾರಣದ ಸುಳಿವು ಸಿಗುತ್ತೆ. ಪ್ರತಿಸಲ ಓದಿಸುವಾಗಲೇ ಸಿಟ್ಟು ಬರುತ್ತೆ ಅಂದ್ರೆ ಓದಲು ಬರದ ನಾಚಿಕೆ ಇರಬಹುದು. ಸೋಮವಾರವೇ ಜಾಸ್ತಿ ಅಂದ್ರೆ ಭಾನುವಾರ ಮನೆಯಲ್ಲಿ ಏನು ನಡೀತು ಅಂತ ವಿಚಾರಿಸಬೇಕು. ಕಣ್ಣು, ಕಿವಿ, ಕಲಿಕೆಯ ತೊಂದರೆಗಳನ್ನು ಸರ್ಕಾರಿ ಶಾಲೆಗಳಿಗೆ ಬರುವ ಆರ್‌ಬಿಎಸ್‌ಕೆ ವೈದ್ಯರ ತಂಡ ತಪಾಸಣೆ ಮಾಡುತ್ತೆ. ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗೆ ನಿಗದಿತ ಮಂಗಳವಾರ ಮನೋವೈದ್ಯರು ಬರ್ತಾರೆ. ಯಾವ ಮಂಗಳವಾರ ಅಂತ ಆಸ್ಪತ್ರೆಯಲ್ಲೇ ಕೇಳಿಕೊಳ್ಳಬೇಕು. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಗುವಿಗೆ ಮನೆಯಲ್ಲಿ ಹೊಡೆತ, ಕಿರುಕುಳ ಇದ್ದರೆ 1098.

ಎಸ್‌ಡಿಎಂಸಿ ಸಭೆಗಳಲ್ಲಿ ಕಟ್ಟಡ, ಕಾಂಪೌಂಡ್ ಚರ್ಚೆ ನಡೆದೇ ನಡೆಯುತ್ತೆ. ಮುಂದಿನ ಸಭೆಯಲ್ಲಿ ಇನ್ನೊಂದು ವಿಷಯವೂ ಬರಲಿ: ತರಗತಿಯಲ್ಲಿ ಮಗು ಕೆರಳಿದರೆ ಯಾರು ಮಾತಾಡಿಸಬೇಕು, ಉಳಿದ ಮಕ್ಕಳನ್ನು ಯಾರು ನೋಡಿಕೊಳ್ಳಬೇಕು, ಮನೆಯವರಿಗೆ ಯಾರು, ಯಾವಾಗ ಹೇಳಬೇಕು. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದಿಡಲು ಅನುದಾನಕ್ಕೆ ಕಾಯಬೇಕಿಲ್ಲ.