ಹದಿನೇಳು ಗಂಟೆಯ ಲೆಕ್ಕದಲ್ಲಿ ಬಿಟ್ಟುಹೋದದ್ದು

2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾ ವಿಮಾನವೊಂದು ಉತ್ತರ ಧ್ರುವಮಾರ್ಗವಾಗಿ ಹಾರಿ, ಎಲ್ಲಿಯೂ ಇಳಿಯದೆ, ಸುಮಾರು 17 ಗಂಟೆಗಳಲ್ಲಿ ಬೆಂಗಳೂರನ್ನು ತಲುಪಿತು. ದೂರ ಸುಮಾರು 14,000 ಕಿ.ಮೀ. ಮಹಿಳೆಯರೇ ನಡೆಸಿದ ಆ ಹಾರಾಟ ಸಾಹಸವೆಂಬುದರಲ್ಲಿ ಸಂದೇಹವಿಲ್ಲ. ಆದರೆ ದೂರವನ್ನು ಗಂಟೆಗಳಲ್ಲಿ ಮಾತ್ರ ಅಳೆಯುವುದು ಅರ್ಧ ಲೆಕ್ಕ.

ಒಂದು ಕಿಲೋ ವಿಮಾನ ಇಂಧನ ಉರಿದರೆ ಸುಮಾರು 3.16 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ನಡುವೆ ಇಳಿಯದೆ ಹಾರಬೇಕಾದರೆ ಇಡೀ ದಾರಿಯ ಇಂಧನವನ್ನು ಹೊತ್ತೇ ಮೇಲೇರಬೇಕು. ಇಂಧನವನ್ನು ಹೊರಲೆಂದೇ ಮತ್ತಷ್ಟು ಇಂಧನ ಉರಿಯಬೇಕು. ಉಳಿದ ಸಮಯ ಪ್ರಯಾಣಿಕನಿಗೆ, ಹೊಗೆ ಎಲ್ಲರಿಗೆ.

ಆ ಹೊಗೆ ಯಾರ ಖಾತೆಗೆ? 1997ರ ಕ್ಯೋಟೋ ಒಪ್ಪಂದ ಅಂತರರಾಷ್ಟ್ರೀಯ ವಿಮಾನಯಾನವನ್ನು ದೇಶಗಳ ಗುರಿಗಳಿಂದ ಹೊರಗಿಟ್ಟಿತು. 1944ರ ಶಿಕಾಗೋ ಒಡಂಬಡಿಕೆಯ 24ನೇ ವಿಧಿಯಂತೆ, ಪರದೇಶದಿಂದ ಬಂದಿಳಿದ ವಿಮಾನದ ಟ್ಯಾಂಕಿನಲ್ಲೇ ಉಳಿದ ಇಂಧನಕ್ಕೆ ಸುಂಕವಿಲ್ಲ. ಇತ್ತ ಗದ್ದೆಯ ಟಿಲ್ಲರಿಗೆ ಹಾಕುವ ಪ್ರತಿ ಲೀಟರ್ ಡೀಸೆಲ್ಲಿಗೂ ಮಲೆನಾಡಿನ ರೈತ ತೆರಿಗೆ ತೆರುತ್ತಾನೆ. 2016ರಲ್ಲಿ ಒಪ್ಪಿತವಾದ ಕೊರ್ಸಿಯಾ ಯೋಜನೆಯೂ ಹಾರಾಟವನ್ನು ಕಡಿಮೆ ಮಾಡೆನ್ನುವುದಿಲ್ಲ. ಬೇರೆಡೆ ಉಳಿಸಿದ ಇಂಗಾಲವನ್ನು, ಕಾಡು ಉಳಿಸಿದ ಲೆಕ್ಕವನ್ನೂ ಸೇರಿಸಿ, ಕೊಂಡು ಸರಿದೂಗಿಸೆನ್ನುತ್ತದೆ.

ಮಳೆ ಎಡೆಬಿಡದೆ ಸುರಿದ ವರ್ಷ ಕೊಳೆರೋಗಕ್ಕೆ ಎಳೆಯ ಅಡಿಕೆ ಉದುರುತ್ತದೆ. ಮಳೆಯ ಲಯ ತಪ್ಪಿದರೆ ಅದರ ಬೆಲೆ ತೆರುವವರು ಎಂದೂ ವಿಮಾನ ಹತ್ತದವರು. ಆದ್ದರಿಂದ ಟಿಕೆಟಿನಲ್ಲಿ ಗಂಟೆಯ ಜೊತೆಗೆ ಇಂಗಾಲದ ತೂಕವನ್ನೂ ಮುದ್ರಿಸಲಿ. ವಿಮಾನದ ಇಂಧನಕ್ಕೂ ತೆರಿಗೆ ಬೀಳಲಿ. ಮೇಲಿಂದ ಮೇಲೆ ಹಾರುವವರು ಹೆಚ್ಚು ತೆರಲಿ. ಕಾಡನ್ನು ಕಾಯ್ದ ಹಳ್ಳಿ ಅನ್ಯರ ಹೊಗೆಗೆ ಜಾಮೀನು ನಿಲ್ಲಬೇಕಾಗಿಲ್ಲ.