ಮಿಲ್ ಜಾಗಕ್ಕೆ ಮಾಲ್ ಬಂತು, ಕಾರ್ಮಿಕರು ಎಲ್ಲಿಗೆ ಹೋದರು?

ಚಾಮರಾಜನಗರದಿಂದ ತಿರುಪತಿ ರೈಲು ಹತ್ತಿ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬರುವ ಹುಡುಗ ಹುಡುಗಿಯರು ಸಾಮಾನ್ಯವಾಗಿ ಮೆಜೆಸ್ಟಿಕ್ ಕಡೆ ಇಳಿದು, ಬಸ್ಸೋ ಮೆಟ್ರೋನೋ ಹಿಡಿದು ನಗರದ ಅಂಚಿಗೆ ಹೋಗಿಬಿಡುತ್ತಾರೆ. ಹರದನಹಳ್ಳಿಯವರಾದರೂ ಅಷ್ಟೆ, ಗುಂಡ್ಲುಪೇಟೆಯವರಾದರೂ ಅಷ್ಟೆ. ಕೆಲಸ ಇರೋದು ಪೀಣ್ಯದಲ್ಲಿ, ಮೈಸೂರು ರಸ್ತೆಯಲ್ಲಿ, ಬೊಮ್ಮನಹಳ್ಳಿಯಲ್ಲಿ. ಆದರೆ ಬಿಡುವಿದ್ದಾಗ ಒಮ್ಮೆ ಸ್ಟೇಷನ್ನಿನ ಹಿಂಬದಿಯ ಗೇಟಿನಿಂದ ಹೊರಬಿದ್ದು ನಡೆದು ನೋಡಿ. ಗೋಪಾಲಪುರ, ಮಾಗಡಿ ರಸ್ತೆ, ಬಿನ್ನಿಪೇಟೆ, ಕೊನೆಗೆ ಕಾಟನ್‌ಪೇಟೆ. ಎರಡು ಮೂರು ಗಂಟೆ ಸಾಕು. ಬೆಂಗಳೂರು ಐಟಿ ಸಿಟಿ ಆಗೋಕೆ ನೂರು ವರ್ಷ ಮೊದಲೇ ಮಿಲ್ ಸಿಟಿ ಆಗಿತ್ತು ಅನ್ನೋದಕ್ಕೆ ಈ ಬೀದಿಗಳೇ ಸಾಕ್ಷಿ.

ಗೋಪಾಲಪುರದ ಪಕ್ಕದಲ್ಲೇ ಮಿನರ್ವ ಮಿಲ್. ಕಾನೂನು ಓದುವವರಿಗೆಲ್ಲ ಈ ಹೆಸರು ಬಾಯಿಪಾಠ. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಕೂಡ ತಿದ್ದುವಂತಿಲ್ಲ ಎಂಬ ತತ್ವವನ್ನು ಸುಪ್ರೀಂ ಕೋರ್ಟ್ 1980ರಲ್ಲಿ ಗಟ್ಟಿಗೊಳಿಸಿದ್ದು ಇದೇ ಮಿಲ್ಲಿನ ಪ್ರಕರಣದಲ್ಲಿ. ನಷ್ಟದಲ್ಲಿದ್ದ ಮಿಲ್ಲಿನ ಆಡಳಿತವನ್ನು 1971ರಲ್ಲಿ ಕೇಂದ್ರ ಸರ್ಕಾರ ತನ್ನ ಕೈಗೆ ತೆಗೆದುಕೊಂಡಿತು, 1974ರ ಕಾಯ್ದೆಯಡಿ ರಾಷ್ಟ್ರೀಕರಣವೂ ಆಯಿತು. ಮಾಲೀಕರು ಕೋರ್ಟಿಗೆ ಹೋದರು. ತುರ್ತು ಪರಿಸ್ಥಿತಿಯ ಕಾಲದ 42ನೇ ತಿದ್ದುಪಡಿಯ ಎರಡು ಸೆಕ್ಷನ್‌ಗಳು ಬಿದ್ದುಹೋದವು. ಪ್ರಜಾಪ್ರಭುತ್ವದ ದೃಷ್ಟಿಯಿಂದ ಅದು ದೊಡ್ಡ ಗೆಲುವು, ಅನುಮಾನವಿಲ್ಲ.

ಆದರೆ ಆ ತೀರ್ಪಿನ ಬಗ್ಗೆ ಮಾತಾಡುವಾಗ ನಾವು ಮಾಲೀಕರ ಹಕ್ಕು ಮತ್ತು ಸಂಸತ್ತಿನ ಅಧಿಕಾರ, ಇವೆರಡನ್ನೇ ನೆನೆಯುತ್ತೇವೆ. ಅದೇ 42ನೇ ತಿದ್ದುಪಡಿ ಸಂವಿಧಾನಕ್ಕೆ 43ಎ ವಿಧಿಯನ್ನೂ ಸೇರಿಸಿತ್ತು. ಕಾರ್ಖಾನೆಗಳ ಆಡಳಿತದಲ್ಲಿ ಕಾರ್ಮಿಕರೂ ಪಾಲ್ಗೊಳ್ಳುವಂತೆ ಪ್ರಭುತ್ವ ಕ್ರಮ ಕೈಗೊಳ್ಳಬೇಕು ಅನ್ನುತ್ತೆ ಅದು. ಇವತ್ತಿಗೂ ಪುಸ್ತಕದಲ್ಲಿದೆ. ಆದರೆ ಅದು ನಿರ್ದೇಶಕ ತತ್ವ, ಅದನ್ನು ಹಿಡಿದು ಕೋರ್ಟಿಗೆ ಹೋಗೋಕಾಗಲ್ಲ. ಮಿಲ್ಲಿನ ಹೆಸರು ದೇಶದ ಲಾ ಕಾಲೇಜುಗಳಲ್ಲೆಲ್ಲ ಉಳಿಯಿತು. ಅದರೊಳಗೆ ಮಗ್ಗ ನಡೆಸಿದವರ ಮಾತು ಎಲ್ಲೂ ಉಳಿಯಲಿಲ್ಲ.

ಅಲ್ಲಿಂದ ಮಾಗಡಿ ರಸ್ತೆ ದಾಟಿದರೆ ಬಿನ್ನಿಪೇಟೆ. 1884ರಲ್ಲಿ ಶುರುವಾದ ಮಿಲ್ಲು ಮುಂದೆ ಬಿನ್ನಿ ಕಂಪನಿಯ ಪಾಲಾಗಿ ಇಡೀ ಬಡಾವಣೆಗೇ ಹೆಸರು ಕೊಟ್ಟಿತು. ಆ ಜಾಗದಲ್ಲೀಗ ಮಾಲ್ ಇದೆ, ಗೇಟು, ಸೆಕ್ಯುರಿಟಿ, ಈಜುಕೊಳವಿರುವ ಬಹುಮಹಡಿ ಅಪಾರ್ಟ್‌ಮೆಂಟುಗಳಿವೆ. ರೈಲು ಹಳಿಯ ಆಚೆ ಬದಿ, ಮಲ್ಲೇಶ್ವರದ ಅಂಚಿನಲ್ಲಿ ರಾಜಾ ಮಿಲ್ ಇತ್ತು. ಅದರ ಜಾಗದಲ್ಲಿ 2010ರಲ್ಲಿ ಮಂತ್ರಿ ಮಾಲ್ ಬಂತು. ಪಕ್ಕದ ಮೆಟ್ರೋ ನಿಲ್ದಾಣಕ್ಕೂ ಮಾಲಿನ ಹೆಸರೇ ಸೇರಿಕೊಂಡಿತು. ಮಿಲ್ಲಿನದ್ದಲ್ಲ.

ಹಾಗಂತ ಈ ಪೇಟೆಗಳು ಸತ್ತಿಲ್ಲ. ಬೆಳಗಾಗುವ ಮೊದಲೇ ಇಡ್ಲಿ ಹಬೆ ಏಳುತ್ತೆ, ಇಸ್ತ್ರಿ ಗಾಡಿಯಲ್ಲಿ ಕೆಂಡ ಕಾಯುತ್ತೆ, ಹೂವಿನವರು ಬುಟ್ಟಿ ಇಳಿಸುತ್ತಾರೆ. ಒಂದೇ ಗಲ್ಲಿಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕೂ ಕಿವಿಗೆ ಬೀಳುತ್ತವೆ. ಸಿಂಗಲ್ ಸ್ಕ್ರೀನ್ ಟಾಕೀಸುಗಳ ಎದುರು ಸ್ಟಾರುಗಳ ಕಟೌಟ್ ನಿಲ್ಲುತ್ತವೆ. ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಪ್ರತಿವರ್ಷ ಬೆಂಗಳೂರು ಕರಗ ಬಂದು ಹೋಗುತ್ತದೆ. ಹಾಗೆ ಬರಬಾರದು ಅನ್ನುವ ದನಿಗಳು ಎದ್ದ ವರ್ಷವೂ ಬಂತು. ಮಿಲ್ಲು, ಮಾರುಕಟ್ಟೆ, ರೈಲ್ವೆ ನಂಬಿ ಬಂದ ಜನ ಒಬ್ಬರ ಪಕ್ಕ ಒಬ್ಬರು ಬದುಕಿ ಕಟ್ಟಿಕೊಂಡ ರೂಢಿ ಇದು. ಭಾಷಣ ಕೇಳಿ ಕಲಿತದ್ದಲ್ಲ.

ಇದನ್ನೆಲ್ಲ ಕಟ್ಟಿದ್ದು ಏನು? ನನ್ನ ಉತ್ತರ ಸರಳ: ನಡೆದು ಹೋಗುವಷ್ಟು ದೂರ. ಮಿಲ್ಲಿನ ಸೈರನ್ ಕೂಗಿದರೆ ಮನೆಯಲ್ಲಿ ಕೇಳುತ್ತಿತ್ತು. ಶಿಫ್ಟ್ ಮುಗಿಸಿ ಬಂದವನಿಗೆ ಟೀ ಅಂಗಡಿ, ಯೂನಿಯನ್ ಆಫೀಸು, ಗರಡಿಮನೆ, ಮಕ್ಕಳ ಸ್ಕೂಲು ಎಲ್ಲವೂ ಕಾಲಳತೆಯಲ್ಲಿದ್ದವು. ಮುಷ್ಕರ ಆದಾಗ ಸಾಲ ಕೊಡುತ್ತಿದ್ದ ಕಿರಾಣಿ ಅಂಗಡಿಯೂ ಅದೇ ಬೀದಿಯಲ್ಲಿತ್ತು. ಸ್ವರ್ಗವೇನೂ ಆಗಿರಲಿಲ್ಲ. ಒಂದು ಕೋಣೆಯ ಮನೆ, ಬೀದಿ ನಲ್ಲಿಯ ಕ್ಯೂ, ಜಾತಿಗೊಂದು ಸಾಲು, ಎಲ್ಲ ಇತ್ತು. ಆದರೂ ಕಾರ್ಮಿಕ ಅನ್ನುವವನಿಗೆ ನಗರದ ನಡುವೆ ಒಂದು ವಿಳಾಸ ಇತ್ತು.

ಈಗ ಆ ವಿಳಾಸ ಇಲ್ಲ, ಕಾರ್ಮಿಕರು ಮಾತ್ರ ಇದ್ದಾರೆ. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಲಕ್ಷಗಟ್ಟಲೆ ಜನ ದುಡಿಯುತ್ತಾರೆ, ಬಹುಪಾಲು ಹೆಣ್ಣುಮಕ್ಕಳು. ಮನೆ ಒಂದು ಕಡೆ, ಫ್ಯಾಕ್ಟರಿ ಇನ್ನೊಂದು ಕಡೆ. 2016ರ ಏಪ್ರಿಲ್ 18 ಮತ್ತು 19ರಂದು ಏನಾಯಿತು ನೆನಪಿಸಿಕೊಳ್ಳಿ. 58 ವರ್ಷ ತುಂಬುವ ತನಕ ಪಿಎಫ್‌ನಲ್ಲಿ ಮಾಲೀಕರ ಪಾಲಿನ ಹಣ ತೆಗೆಯುವಂತಿಲ್ಲ ಅಂತ ಕೇಂದ್ರ ನಿಯಮ ತಂದಿತ್ತು. ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಹೊಸೂರು ರಸ್ತೆ, ತುಮಕೂರು ರಸ್ತೆಗೆ ಇಳಿದರು. ದೊಡ್ಡ ಯೂನಿಯನ್ ಯಾವುದೂ ಕರೆ ಕೊಟ್ಟಿರಲಿಲ್ಲ. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ಅವರು ಹೆದ್ದಾರಿಗೇ ಯಾಕೆ ಬಂದರು? ಸೇರೋಕೆ ಬೇರೆ ಜಾಗ ಇರಲಿಲ್ಲ. ಮಿಲ್ ಕಾರ್ಮಿಕರಿಗೆ ಪೇಟೆ ಇತ್ತು, ಇವರಿಗೆ ಇದ್ದದ್ದು ಹೆದ್ದಾರಿ. ಆ ಗೆಲುವಿನ ನಂತರ ಅಷ್ಟೇ ಗಟ್ಟಿಯಾದ ಸಂಘಟನೆ ಯಾಕೆ ಉಳಿಯಲಿಲ್ಲ ಅನ್ನುವ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

ದೂರಕ್ಕೆ ಒಂದು ಬೆಲೆಯೂ ಇದೆ. 2025ರ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳ ಬಸ್ ಚಾರ್ಜು ಉಳಿಯಿತು, ಅದು ಸಣ್ಣ ಮಾತಲ್ಲ. ಆದರೆ ಉಚಿತ ಟಿಕೆಟ್ ದುಡ್ಡು ಉಳಿಸುತ್ತೆ, ಟ್ರಾಫಿಕ್‌ನಲ್ಲಿ ಕಳೆದುಹೋಗುವ ಎರಡು ಗಂಟೆಯನ್ನಲ್ಲ. ಮೀಟಿಂಗಿಗೆ ಬರೋಕೆ, ಮಕ್ಕಳ ಹೋಂವರ್ಕ್ ನೋಡೋಕೆ, ಸುಮ್ಮನೆ ಕೂರೋಕೆ ಬೇಕಾದ ಎರಡು ಗಂಟೆ ಅದು.

ಮಿಲ್ ಮುಚ್ಚೋದನ್ನು ತಡೆಯೋಕಾಗ್ತಿತ್ತಾ? ಬಹುಶಃ ಇಲ್ಲ. ಪ್ರಶ್ನೆ ಅದಲ್ಲ, ಮುಚ್ಚಿದ ಮೇಲೆ ಆ ಜಾಗ ಯಾರಿಗೆ ಅನ್ನೋದು. ಮುಂಬೈಯಲ್ಲಿ 1991ರ ನಿಯಮವೊಂದು ಮಿಲ್ ಜಮೀನನ್ನು ಮೂರು ಪಾಲು ಮಾಡಿ, ಒಂದು ಮೈದಾನ, ಪಾರ್ಕುಗಳಿಗೆ, ಒಂದು ವಸತಿಗೆ, ಒಂದು ಮಾಲೀಕರಿಗೆ ಅಂದಿತ್ತು. 2001ರಲ್ಲಿ ಖಾಲಿ ಜಾಗಕ್ಕೆ ಮಾತ್ರ ಅದು ಅನ್ವಯ ಅಂತ ತಿದ್ದಿ ನಿಯಮದ ಜೀವ ತೆಗೆದರು, 2006ರಲ್ಲಿ ಸುಪ್ರೀಂ ಕೋರ್ಟೂ ಒಪ್ಪಿತು. ಹಾಗಿದ್ದರೂ ಅಲ್ಲಿನ ಮಿಲ್ ಕಾರ್ಮಿಕರು ಬೀದಿಯಲ್ಲಿ ಕೂತು, ಒಂದಷ್ಟು ಮನೆಗಳನ್ನಾದರೂ ಲಾಟರಿ ಮೂಲಕ ಪಡೆದರು. ಬೆಂಗಳೂರಿನಲ್ಲಿ ಈ ಚರ್ಚೆಯೇ ಗಟ್ಟಿಯಾಗಿ ಏಳಲಿಲ್ಲ. ಕಾರ್ಮಿಕನಿಗೆ ಸ್ವಯಂ ನಿವೃತ್ತಿಯ ಚೆಕ್ಕು, ಜಾಗಕ್ಕೆ ಬಿಲ್ಡರು.

ಚರ್ಚೆ ಈಗಲಾದರೂ ಏಳಬೇಕು, ಯಾಕಂದ್ರೆ ಮುಚ್ಚೋದು ಇನ್ನಷ್ಟು ಸುಲಭವಾಗಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ 300ಕ್ಕಿಂತ ಕಡಿಮೆ ಜನರಿರುವ ಕಾರ್ಖಾನೆ ಮುಚ್ಚೋಕೆ ಸರ್ಕಾರದ ಅನುಮತಿ ಬೇಕಿಲ್ಲ. ಹಿಂದೆ ಈ ಮಿತಿ 100 ಇತ್ತು. ಮುಚ್ಚುವ ಕಾರ್ಖಾನೆಯ ಜಾಗವನ್ನು ವಾಣಿಜ್ಯ ಬಳಕೆಗೆ ಬದಲಿಸುವಾಗ ಒಂದು ಪಾಲು ದುಡಿಯುವವರ ಬಾಡಿಗೆ ಮನೆಗಳಿಗೆ ಅಂತ ಷರತ್ತು ಹಾಕೋಕೆ ರಾಜ್ಯ ಸರ್ಕಾರಕ್ಕೆ ಅಡ್ಡಿಯೇನು? ಮೆಟ್ರೋ ಪಕ್ಕದ ಸಾರ್ವಜನಿಕ ಜಾಗದಲ್ಲಿ ಮಾಲ್ ಬರಬಹುದಾದರೆ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಹಾಸ್ಟೆಲ್ಲೂ ಬರಬಹುದು.

ಇದು ಬೆಂಗಳೂರಿನ ಕತೆ, ನಮಗೇನು ಅಂತ ಚಾಮರಾಜನಗರದವರು ಸುಮ್ಮನಿರುವ ಹಾಗಿಲ್ಲ. ಜಿಲ್ಲೆಯ ಬದನಗುಪ್ಪೆ-ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶಕ್ಕೆ ಯಾವ ಕಂಪನಿ ಬರುತ್ತೆ, ಎಷ್ಟು ಎಕರೆ ಕೊಡ್ತಾರೆ ಅನ್ನೋದರ ಬಗ್ಗೆಯೇ ನಮ್ಮ ಮಾತೆಲ್ಲ. ಹರದನಹಳ್ಳಿಯ ಹುಡುಗಿ ರಾತ್ರಿ ಶಿಫ್ಟ್ ಮುಗಿಸಿ ಮನೆಗೆ ಹೇಗೆ ಬರ್ತಾಳೆ, ಅಲ್ಲೇ ಉಳಿಯೋದಾದರೆ ಬಾಡಿಗೆ ಎಷ್ಟು, ಹತ್ತಿರದಲ್ಲಿ ಅಂಗನವಾಡಿ ಇದೆಯಾ ಅಂತ ಕೇಳುವವರು ಕಡಿಮೆ. ಜನಪ್ರತಿನಿಧಿಗಳು ಮುಂದಿನ ಸಲ ಉದ್ಯೋಗದ ಲೆಕ್ಕ ಹೇಳೋಕೆ ಬಂದಾಗ ಮೊದಲು ಇದನ್ನೇ ಕೇಳಿ: ಕೆಲಸದಿಂದ ಮನೆಗೆ ಎಷ್ಟು ದೂರ?